ಹಿಮದ ಮೇಲೆ ಮೊದಲ ದಿನ: ಮಣಿಕಟ್ಟು ಜೋಪಾನ

(ಕಲಬುರಗಿಯಲ್ಲಿ ಸ್ಕೇಟಿಂಗ್ ಕಲಿಯುವ ಮಕ್ಕಳ ತಂದೆತಾಯಂದಿರು ಮತ್ತು ರಜೆಯಲ್ಲಿ ಗುಲ್ಮಾರ್ಗ್‌ಗೆ ಹೊರಟಿರುವ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ಶರಣು ಶರಣಾರ್ಥಿ.

ಕಲಬುರಗಿಯ ಬಿಸಿಲಲ್ಲಿ ಕೂತು ಹಿಮದ ಆಟದ ಬಗ್ಗೆ ಯಾಕೆ ಮಾತಾಡಬೇಕು ಅಂತ ಕೆಲವರಿಗೆ ಅನ್ನಿಸಿರಬಹುದು. ಕಾರಣ ಇದೆ. ಈಗ ನಮ್ಮ ಊರಿನ ಹುಡುಗ ಹುಡುಗಿಯರು ರೈಲು ಹತ್ತಿ ಮನಾಲಿಗೆ, ಕಾಶ್ಮೀರಕ್ಕೆ ಹೋಗುತ್ತಿದ್ದಾರೆ. ಹೋದವರು ಹಿಮ ನೋಡಿ ಸುಮ್ನೆ ಬರುವುದಿಲ್ಲ. ಸೋಲಂಗ್‌ನಲ್ಲೋ ಗುಲ್ಮಾರ್ಗ್‌ನಲ್ಲೋ ಒಂದು ಸ್ನೋಬೋರ್ಡ್, ಅಂದರೆ ಹಿಮದ ಮೇಲೆ ಜಾರುವ ಹಲಗೆ, ಬಾಡಿಗೆಗೆ ತಗೊಂಡು ಕಾಲಿಗೆ ಕಟ್ಟಿಕೊಳ್ಳುತ್ತಾರೆ. ಇದು ನನಗೆ ಖುಷಿಯ ವಿಷಯ. ಅವರು ಹೋಗಲಿ, ಆಡಲಿ. ಆದರೆ ಹೊರಡುವ ಮುಂಚೆ ಒಂದು ಮಾತು ಕಿವಿಗೆ ಹಾಕಿಕೊಂಡು ಹೋಗಲಿ ಅಂತ ನನ್ನ ಆಸೆ.

ನಾನು ಫಿಸಿಯೋಥೆರಪಿ ಮಾಡುವವಳು. ಎಲುಬು ಮುರಿದು, ಪ್ಲಾಸ್ಟರ್ ಬಿಚ್ಚಿದ ಮೇಲೆ ಬಗ್ಗದ ಕೈಯನ್ನು ಮತ್ತೆ ಬಗ್ಗುವಂತೆ ಮಾಡುವುದು ನನ್ನ ದಿನದ ಕೆಲಸ. ಬೈಕಿನಿಂದ ಬಿದ್ದವರು ಬರುತ್ತಾರೆ, ಬಚ್ಚಲುಮನೆಯ ಶಹಾಬಾದ್ ಕಲ್ಲಿನ ಮೇಲೆ ಜಾರಿದ ಅಮ್ಮಂದಿರು ಬರುತ್ತಾರೆ, ಸ್ಕೇಟಿಂಗ್ ಮಕ್ಕಳು ಬರುತ್ತಾರೆ. ಬಿದ್ದ ಜಾಗ ಬೇರೆ ಬೇರೆ. ಪೆಟ್ಟು ಮಾತ್ರ ಒಂದೇ. ಬೀಳುವಾಗ ಅಂಗೈ ಮುಂದೆ ಚಾಚುತ್ತಾರೆ, ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಸ್ನೋಬೋರ್ಡಿನಲ್ಲಿ ಆಗುವ ಗಾಯಗಳ ಪೈಕಿ ಅತಿ ಹೆಚ್ಚು ಕಾಣುವುದು ಇದೇ.

ಸ್ಕೀ ಆಡುವವರಿಗೆ ಹೀಗಾಗುವುದಿಲ್ಲವೇ? ಆಗುತ್ತದೆ, ಆದರೆ ಅವರ ಗೋಳು ಬೇರೆ. ಸ್ಕೀಯಲ್ಲಿ ಎರಡು ಕಾಲಿಗೆ ಎರಡು ಹಲಗೆ. ಮುಖ ಇಳಿಜಾರಿನ ಕಡೆಗೆ. ಕೈಯಲ್ಲಿ ಎರಡು ಕೋಲು. ಜೋರಾಗಿ ಬಿದ್ದರೆ ಬೂಟನ್ನು ಹಲಗೆಗೆ ಹಿಡಿದಿಡುವ ಕಟ್ಟು, ಅಂದರೆ ಬೈಂಡಿಂಗ್, ತಾನಾಗಿ ಬಿಚ್ಚಿಕೊಂಡು ಬೂಟನ್ನು ಬಿಡುತ್ತದೆ. ಅಲ್ಲಿ ಹೆಚ್ಚು ಕೆಡುವುದು ಮೊಣಕಾಲು. ಕೋಲು ಕೈಯಲ್ಲೇ ಸಿಕ್ಕಿಕೊಂಡು ಬಿದ್ದರೆ ಹೆಬ್ಬೆರಳಿನ ಬುಡದ ತಂತು ಹರಿಯುತ್ತದೆ.

ಸ್ನೋಬೋರ್ಡಿನಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುತ್ತವೆ. ನಿಲ್ಲುವುದು ಅಡ್ಡಡ್ಡ. ಬಿದ್ದರೂ ಬೈಂಡಿಂಗ್ ಬಿಚ್ಚಿಕೊಳ್ಳುವುದಿಲ್ಲ. ತೋಲ ತಪ್ಪಿದಾಗ ನಾವು ನೆಲದ ಮೇಲೆ ಏನು ಮಾಡುತ್ತೇವೆ? ಒಂದು ಹೆಜ್ಜೆ ಮುಂದಿಟ್ಟು ಸಾವರಿಸಿಕೊಳ್ಳುತ್ತೇವೆ. ಇಲ್ಲಿ ಆ ಹೆಜ್ಜೆ ಇಡಲು ಆಗುವುದಿಲ್ಲ. ಉಳಿಯುವುದು ಕೈ ಒಂದೇ.

1965ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಶರ್ಮನ್ ಪಾಪೆನ್ ಅನ್ನುವವರು ತಮ್ಮ ಹೆಣ್ಣುಮಕ್ಕಳಿಗೆ ಆಡಲು ಎರಡು ಸ್ಕೀ ಹಲಗೆಗಳನ್ನು ಜೋಡಿಸಿ ಒಂದು ಆಟಿಕೆ ಮಾಡಿಕೊಟ್ಟರು. ಅದಕ್ಕೆ ಸ್ನರ್ಫರ್ ಅಂತ ಹೆಸರು ಬಂತು. ಅದರ ಮೂತಿಗೆ ಒಂದು ಹಗ್ಗ ಇರುತ್ತಿತ್ತು. ನಿಂತವರು ಅದನ್ನು ಹಿಡಿದುಕೊಳ್ಳುತ್ತಿದ್ದರು. ಕಾಲಿಗೆ ಕಟ್ಟು ಇರಲಿಲ್ಲ. ಮುಂದೆ ಬೋರ್ಡ್ ಬೆಳೆಯಿತು, ಕಾಲಿಗೆ ಬೈಂಡಿಂಗ್ ಬಂತು, ಕೈಯ ಹಗ್ಗ ಹೋಯಿತು. 1998ರಲ್ಲಿ ಜಪಾನಿನ ನಾಗಾನೊ ಒಲಿಂಪಿಕ್ಸ್‌ಗೂ ಈ ಆಟ ಸೇರಿತು. ಆಟ ಚಂದವಾಯಿತು ನಿಜ. ಆದರೆ ಕಾಲು ಬಂಧಿ, ಕೈ ಬಿಡುಗಡೆ ಅನ್ನುವ ಸ್ಥಿತಿ ಆಗಿನಿಂದ ಹಾಗೇ ಉಳಿಯಿತು.

ಬೀಳುವುದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೋರ್ಡಿಗೆ ಎರಡು ಅಂಚು. ಒಂದು ಕಾಲ್ಬೆರಳ ಕಡೆ, ಇನ್ನೊಂದು ಹಿಮ್ಮಡಿಯ ಕಡೆ. ಇಳಿಯುವಾಗ ಯಾವಾಗಲೂ ಗುಡ್ಡದ ಮೇಲಿನ ಕಡೆಯ ಅಂಚಿನ ಮೇಲೆ ಭಾರ ಇರಬೇಕು. ಹೊಸಬರಿಗೆ ಇದು ಕೈವಶವಾಗಿರುವುದಿಲ್ಲ. ಬೋರ್ಡ್ ಚಪ್ಪಟೆಯಾಗುತ್ತದೆ. ಕೆಳಗಿನ ಕಡೆಯ ಅಂಚು ಹಿಮಕ್ಕೆ ಕಚ್ಚುತ್ತದೆ. ಬೋರ್ಡ್ ಅಲ್ಲೇ ನಿಲ್ಲುತ್ತದೆ, ಮೈ ನಿಲ್ಲುವುದಿಲ್ಲ. ಬೆರಳ ಅಂಚು ಕಚ್ಚಿದರೆ ಮುಂದಕ್ಕೆ, ಹಿಮ್ಮಡಿ ಅಂಚು ಕಚ್ಚಿದರೆ ಹಿಂದಕ್ಕೆ, ಕಣ್ಣು ಮಿಟುಕಿಸುವುದರೊಳಗೆ ಎತ್ತಿ ಒಗೆಯುತ್ತದೆ. ಇದಕ್ಕೆ ವೇಗ ಬೇಕಿಲ್ಲ. ನಡೆದು ಹೋಗುವಷ್ಟು ನಿಧಾನದಲ್ಲೂ ಹೀಗಾಗುತ್ತದೆ. ಅದೂ ಅಲ್ಲದೆ ಕಲಿಯುವವರ ಇಳಿಜಾರಿನಲ್ಲಿ ದಿನವಿಡೀ ಜನ ಓಡಾಡಿ ಹಿಮ ಗಟ್ಟಿಯಾಗಿರುತ್ತದೆ. ರಾತ್ರಿಯ ಚಳಿಗೆ ಹೆಪ್ಪುಗಟ್ಟಿ ಬೆಳಿಗ್ಗೆ ಕಲ್ಲಿನಷ್ಟು ಬಿರುಸಾಗಿರುತ್ತದೆ. ಸಿನಿಮಾದಲ್ಲಿ ಕಾಣುವ ಮೆತ್ತನೆ ಹಿಮ ಅಲ್ಲ ಅದು.

ಇವತ್ತು ನಾನು ಹೇಳಲು ಬಂದ ಮುಖ್ಯ ವಿಷಯ ಇದು. ಗಾರ್ಡು, ಪ್ಯಾಡು ಎಲ್ಲ ಗಾಳಿಯಲ್ಲಿ ಪಲ್ಟಿ ಹೊಡೆಯುವ ದೊಡ್ಡ ಆಟಗಾರರಿಗೆ, ನಾವು ಸುಮ್ನೆ ಎರಡು ದಿನ ಕಲಿಯಲು ಬಂದವರು ಅಂತ ಜನ ಅಂದುಕೊಳ್ಳುತ್ತಾರೆ. ಮಣಿಕಟ್ಟಿನ ವಿಷಯದಲ್ಲಿ ಇದು ಪೂರ್ತಿ ಉಲ್ಟಾ. ಹೆಚ್ಚು ಮುರಿಯುವುದು ಹೊಸಬರದ್ದೇ. ಪಳಗಿದವರಿಗೆ ಅಂಚು ಕಚ್ಚುವುದು ಕಡಿಮೆ, ಕಚ್ಚಿದರೂ ಬೀಳುವ ರೀತಿ ಗೊತ್ತು. ಮೊದಲ ದಿನದವರಿಗೆ ಎರಡೂ ಗೊತ್ತಿಲ್ಲ. ರಕ್ಷಣೆ ಅತಿ ಹೆಚ್ಚು ಬೇಕಾದ ದಿನವೇ ನಾವು ಬರಿಗೈಯಲ್ಲಿ ನಿಂತಿರುತ್ತೇವೆ.

ಇದು ಬರೀ ನನ್ನ ಅನಿಸಿಕೆ ಅಲ್ಲ. ನಾರ್ವೆಯಲ್ಲಿ 5029 ಸ್ನೋಬೋರ್ಡ್ ಆಟಗಾರರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಹೆಚ್ಚುಕಮ್ಮಿ ಅರ್ಧ ಜನಕ್ಕೆ ಮಣಿಕಟ್ಟಿನ ರಕ್ಷಣೆ, ಅಂದರೆ ರಿಸ್ಟ್ ಗಾರ್ಡ್, ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಹಾಕಿಕೊಂಡವರಲ್ಲಿ 8 ಮಣಿಕಟ್ಟಿನ ಗಾಯ. ಹಾಕಿಕೊಳ್ಳದವರಲ್ಲಿ 29. ಈ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಅದರಲ್ಲೂ ಹೆಚ್ಚು ಅಪಾಯ ಕಂಡದ್ದು ಹೊಸಬರಿಗೇ.

ಗಣಿತ ಚೆನ್ನಾಗಿರುವವರು ತಕ್ಷಣ ಕೇಳುತ್ತಾರೆ. ಎರಡೂವರೆ ಸಾವಿರದಲ್ಲಿ 29 ಅಂದರೆ ನೂರಕ್ಕೆ ಒಬ್ಬರು ಅಷ್ಟೇ ಅಲ್ವಾ, ಅದಕ್ಕೆ ಇಷ್ಟು ಮಾತು ಬೇಕಾ? ಒಳ್ಳೆ ಪ್ರಶ್ನೆ. ಆ ಲೆಕ್ಕದಲ್ಲಿ ಪಳಗಿದವರೂ ಸೇರಿದ್ದಾರೆ. ಹೊಸಬರ ಪಾಲು ಅದಕ್ಕಿಂತ ಜಾಸ್ತಿ. ಮತ್ತೆ ಒಂದು ಕಡೆ ಇರುವುದು ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ ಸಾಮಾನು, ಇನ್ನೊಂದು ಕಡೆ ತಿಂಗಳುಗಟ್ಟಲೆ ಕೆಲಸಕ್ಕೆ ಬಾರದ ಕೈ. ನಾನು ದಿನಾ ನೋಡುವುದು ಆ ತಿಂಗಳುಗಳನ್ನು. ಹಾಗಾಗಿ ನನ್ನ ತಕ್ಕಡಿ ಯಾವ ಕಡೆ ವಾಲುತ್ತದೆ ಅಂತ ನಿಮಗೆ ಗೊತ್ತಾಗಿರಬೇಕು.

ಇಲ್ಲಿ ಕೂತಿರುವ ಸ್ಕೇಟಿಂಗ್ ಮಕ್ಕಳ ತಂದೆತಾಯಂದಿರಿಗೂ ಒಂದು ಲೆಕ್ಕ ಇದೆ. ಸಾಲು ಗಾಲಿಯ ಇನ್‌ಲೈನ್ ಸ್ಕೇಟ್ ಹಾಕಿ ಬಿದ್ದು ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದವರ ಮೇಲೆ 1996ರಲ್ಲಿ ಒಂದು ಅಧ್ಯಯನ ಬಂತು. ರಿಸ್ಟ್ ಗಾರ್ಡ್ ಹಾಕಿದವರಿಗಿಂತ ಹಾಕದವರಿಗೆ ಮಣಿಕಟ್ಟಿನ ಗಾಯದ ಸಾಧ್ಯತೆ ಸುಮಾರು 10 ಪಟ್ಟು ಜಾಸ್ತಿ ಅಂತ ಅದರಲ್ಲಿ ಕಂಡಿತು. ನಮ್ಮಲ್ಲಿ ಏನಾಗುತ್ತದೆ? ಹೆಲ್ಮೆಟ್ ಇರುತ್ತದೆ, ಮೊಣಕಾಲಿಗೆ ಪ್ಯಾಡ್ ಇರುತ್ತದೆ. ಕೈಗೆ ಮಾತ್ರ ಇಲ್ಲ. "ಅದು ಹಾಕ್ಕೊಂಡ್ರ ಅವನಿಗೆ ಬಾಟ್ಲಿ ಹಿಡೀಲಿಕ್ಕೆ ಬರಂಗಿಲ್ರಿ" ಅಂತಾರೆ. ನೀರು ಕುಡಿಯುವಾಗ ಬಿಚ್ಚಲಿ ಬಿಡ್ರಿ, ಆಮೇಲೆ ಹಾಕಿಕೊಳ್ಳಲಿ.

ಈಗ ಕೈಯ ಒಳಗೆ ಹೋಗೋಣ. ಮುಂಗೈಯಲ್ಲಿ ಎರಡು ಉದ್ದ ಎಲುಬು. ಹೆಬ್ಬೆರಳ ಕಡೆಯದು ರೇಡಿಯಸ್, ಕಿರುಬೆರಳ ಕಡೆಯದು ಅಲ್ನಾ. ಅವುಗಳ ಮುಂದೆ ಎಂಟು ಸಣ್ಣ ಎಲುಬುಗಳು ಎರಡು ಸಾಲಿನಲ್ಲಿ ಕೂತಿವೆ. ಅಂಗೈ ಊರಿ ಬಿದ್ದಾಗ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಭಾರದ ಹೆಚ್ಚು ಪಾಲು ರೇಡಿಯಸ್ ಹೊರುತ್ತದೆ. ಅದರ ತುದಿ, ಮಣಿಕಟ್ಟಿನಿಂದ ಒಂದು ಇಂಚು ಮೇಲೆ, ಮುರಿಯುತ್ತದೆ. ಮುರಿದ ತುಂಡು ಹಿಂದಕ್ಕೆ ಸರಿದು ಮಣಿಕಟ್ಟಿನ ಮೇಲೆ ಒಂದು ಉಬ್ಬು, ಅದರ ಹಿಂದೆ ಒಂದು ತಗ್ಗು ಕಾಣುತ್ತದೆ. ಡಬ್ಲಿನ್‌ನ ಏಬ್ರಹಾಂ ಕೋಲಿಸ್ ಅನ್ನುವ ಸರ್ಜನ್ 1814ರಲ್ಲೇ ಇದನ್ನು ವಿವರವಾಗಿ ಬರೆದಿಟ್ಟರು. ಇಂದಿಗೂ ಇದಕ್ಕೆ ಅವರ ಹೆಸರೇ ಇದೆ. ಎಕ್ಸ್‌ರೇ ಬಂದದ್ದು 1895ರಲ್ಲಿ. ಅದಕ್ಕೂ 81 ವರ್ಷ ಮುಂಚೆ, ಬರೀ ಬೆರಳಿಂದ ಮುಟ್ಟಿ, ಒತ್ತಿ, ಎಳೆದು ನೋಡಿ ಒಬ್ಬ ವೈದ್ಯ ಇಷ್ಟನ್ನು ತಿಳಿದುಕೊಂಡರಲ್ಲ ಅಂತ ನನಗೆ ಈಗಲೂ ಬೆರಗು.

ಎಲುಬು ಕೂಡಿಸಿ ಪ್ಲಾಸ್ಟರ್ ಹಾಕಿದರೆ ಸುಮಾರು ಆರು ವಾರ. ತುಂಡು ನಿಲ್ಲದಿದ್ದರೆ, ಕೀಲಿನ ಒಳಗೇ ಬಿರುಕು ಹೋಗಿದ್ದರೆ, ಆಪರೇಷನ್ ಮಾಡಿ ಪ್ಲೇಟ್ ಹಾಕುತ್ತಾರೆ. ಜನ ಇಲ್ಲಿಗೆ ಕತೆ ಮುಗಿಯಿತು ಅಂದುಕೊಳ್ಳುತ್ತಾರೆ. ನನ್ನ ಕೆಲಸ ಶುರುವಾಗುವುದೇ ಆಮೇಲೆ. ಪ್ಲಾಸ್ಟರ್ ಬಿಚ್ಚಿದ ಕೈ ಸೊರಗಿರುತ್ತದೆ. ಮಣಿಕಟ್ಟು ಬಗ್ಗುವುದಿಲ್ಲ, ಅಂಗೈ ಮೇಲ್ಮುಖವಾಗಿ ತಿರುಗುವುದಿಲ್ಲ. ತಾಟಿಗೆ ಕೈ ಹಾಕಿ ತುತ್ತು ಬಾಯಿಗೆ ತರಲು ಒದ್ದಾಡುತ್ತಾರೆ. ಒದ್ದೆ ಬಟ್ಟೆ ಹಿಂಡಲು ಆಗುವುದಿಲ್ಲ. ಬೈಕಿನ ಬ್ರೇಕ್ ಹಿಡಿಯಲು ಬಲ ಇರುವುದಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ನನ್ನನ್ನು ಮೊದಲು ಕೇಳುವ ಪ್ರಶ್ನೆ ಏನು ಗೊತ್ತಾ? "ರೊಟ್ಟಿ ಬಡೀಲಿಕ್ಕೆ ಯಾವಾಗ ಆಗ್ತದ್ರಿ?" ಜೋಳದ ರೊಟ್ಟಿ ಬಡಿಯುವಾಗ ಮಣಿಕಟ್ಟು ಹಿಂದಕ್ಕೆ ಬಾಗಿರಬೇಕು, ಅಂಗೈ ಮೇಲೆ ಒತ್ತಡ ಬೀಳಬೇಕು, ಅದೂ ಒಂದಾದ ಮೇಲೊಂದು. ಮುರಿದ ಮೇಲೆ ಎಲ್ಲಕ್ಕಿಂತ ತಡವಾಗಿ ವಾಪಸ್ ಬರುವುದು ಇದೇ ಚಲನೆ, ಇದೇ ಬಲ. ಹೊಸ್ತಿಲ ಹತ್ತಿರ ಜಾರಿದ ಅಮ್ಮನಿಗೂ ಗುಲ್ಮಾರ್ಗ್‌ನಲ್ಲಿ ಬಿದ್ದ ಮಗನಿಗೂ ದಾರಿ ಅದೇ.

ಅಮ್ಮಂದಿರ ಮಾತು ಬಂತು, ಆದ್ದರಿಂದ ವಿಷಯ ಬಿಟ್ಟು ಒಂದು ಮಾತು. ಐವತ್ತು ದಾಟಿದ ಹೆಂಗಸರು ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರೆ, ಕೈ ಒಂದಕ್ಕೇ ಚಿಕಿತ್ಸೆ ಮಾಡಿಸಿ ಸುಮ್ಮನಾಗಬೇಡಿ. ಎಲುಬು ಟೊಳ್ಳಾಗುತ್ತಿರುವುದರ ಮೊದಲ ಸೂಚನೆ ಅದಾಗಿರಬಹುದು. ಎಲುಬಿನ ಸಾಂದ್ರತೆಯ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಮುಂದೆ ಸೊಂಟದ ಎಲುಬು ಮುರಿಯುವುದನ್ನು ಈಗಲೇ ತಪ್ಪಿಸಬಹುದು.

ಇನ್ನೊಂದು ಎಲುಬಿನ ಬಗ್ಗೆ ನಿಧಾನವಾಗಿ ಹೇಳಬೇಕು. ಅದನ್ನೇ ಜನ ಕಡೆಗಣಿಸುತ್ತಾರೆ. ಆ ಎಂಟು ಸಣ್ಣ ಎಲುಬುಗಳಲ್ಲಿ ಹೆಬ್ಬೆರಳ ಬುಡದಲ್ಲಿ ಇರುವುದು ಸ್ಕ್ಯಾಫಾಯಿಡ್. ಹೆಬ್ಬೆರಳನ್ನು ಪೂರ್ತಿ ಹಿಂದಕ್ಕೆ ಎತ್ತಿ ನೋಡಿ. ಬುಡದಲ್ಲಿ ಎರಡು ನರ ಎದ್ದ ಹಾಗೆ ಕಂಡು, ಮಧ್ಯ ಒಂದು ಸಣ್ಣ ಗುಳಿ ಬೀಳುತ್ತದೆ. ಬಿದ್ದ ಮೇಲೆ ಆ ಗುಳಿಯಲ್ಲಿ ಒತ್ತಿದರೆ ನೋವಾಗುತ್ತಾ? ಹಾಗಿದ್ದರೆ ಸ್ಕ್ಯಾಫಾಯಿಡ್ ಮೇಲೆ ಅನುಮಾನ ಪಡಬೇಕು. ಮೊದಲ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೇ ಹೋಗಬಹುದು. "ಎಕ್ಸ್‌ರೇ ನಾರ್ಮಲ್ ಅದ, ಬರೀ ಉಳುಕು" ಅಂತ ಮನೆಗೆ ಹೋಗಿ ಎಣ್ಣೆ ತಿಕ್ಕಿಸಿಕೊಂಡು ತಿಂಗಳು ಕಳೆಯುತ್ತಾರೆ. ಎಕ್ಸ್‌ರೇ ಚೆನ್ನಾಗಿದ್ದರೂ ಆ ಗುಳಿಯಲ್ಲಿ ನೋವಿದ್ದರೆ ಕೈಗೆ ಆಸರೆ ಕಟ್ಟಿ, 10ರಿಂದ 14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಸಬೇಕು, ಇಲ್ಲವೇ ಎಂಆರ್‌ಐ ಮಾಡಿಸಬೇಕು.

ಅಷ್ಟು ಎಚ್ಚರ ಯಾಕೆ? ಈ ಎಲುಬಿಗೆ ರಕ್ತ ಬರುವ ದಾರಿ ವಿಚಿತ್ರ. ಬೆರಳ ಕಡೆಯಿಂದ ಒಳಗೆ ಹೋಗಿ, ಹಿಂದಕ್ಕೆ, ಮುಂಗೈ ಕಡೆಗೆ ಹರಿಯುತ್ತದೆ. ಶಹಾಪುರ, ಸುರಪುರದ ಕಡೆಯ ರೈತರಿಗೆ ಇದನ್ನು ವಿವರಿಸುವುದು ಸುಲಭ. ನಾರಾಯಣಪುರ ಕಾಲುವೆಯ ಕೊನೇ ಹೊಲ ಇದ್ದ ಹಾಗೆ. ನಡುವೆ ಎಲ್ಲೋ ಕಾಲುವೆ ಒಡೆದರೆ ಕೊನೆಯವರಿಗೆ ಹನಿ ನೀರೂ ಬರುವುದಿಲ್ಲ. ಸ್ಕ್ಯಾಫಾಯಿಡ್ ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ನಿಂತುಹೋಗಬಹುದು. ಆಗ ಎಲುಬು ಕೂಡುವುದಿಲ್ಲ, ಆ ತುಂಡು ಸಾಯಲೂಬಹುದು. ವರ್ಷಗಳು ಕಳೆದ ಮೇಲೆ ಕೀಲು ಸವೆದು, ಪೆನ್ನು ಹಿಡಿದರೂ ನೋವು. ಇಪ್ಪತ್ತು ವರ್ಷದ ಹುಡುಗನಿಗೆ ಅಷ್ಟು ಬೇಗ ಸವೆತ ಬರುವುದು ನೋಡಿದರೆ ಸಂಕಟವಾಗುತ್ತದೆ.

ಮಕ್ಕಳ ಎಲುಬು ಬೇಗ ಕೂಡುತ್ತದೆ. ಎಲುಬಿನ ಒಂದು ಬದಿ ಸ್ವಲ್ಪ ಉಬ್ಬಿದ್ದರೆ ಸಾಮಾನ್ಯವಾಗಿ ಮೂರು ವಾರ ಆಸರೆ ಸಾಕು. ಆದರೆ ಎಲುಬು ಬೆಳೆಯುವ ಪದರ ಮಣಿಕಟ್ಟಿನ ಹತ್ತಿರವೇ ಇದೆ. ಅದಕ್ಕೆ ಪೆಟ್ಟು ಬಿದ್ದಿದ್ದರೆ ಡಾಕ್ಟರು ಮತ್ತೆ ಬನ್ನಿ ಅಂದ ದಿನ ತಪ್ಪದೇ ಹೋಗಿ.

ಸರಿ, ರಿಸ್ಟ್ ಗಾರ್ಡಿನ ಬಗ್ಗೆ. ಕೆಲವನ್ನು ಜೊತೆಗೆ ತಂದಿದ್ದೇನೆ, ಕೈಯಿಂದ ಕೈಗೆ ದಾಟಿಸಿ ನೋಡಿ. ಒಳ್ಳೆಯದರಲ್ಲಿ ಗಟ್ಟಿ ಪ್ಲೇಟ್ ಇರುತ್ತದೆ. ಕೆಲವದರಲ್ಲಿ ಅಂಗೈ ಕಡೆ, ಕೆಲವದರಲ್ಲಿ ಹಿಂಗೈ ಕಡೆ, ಕೆಲವದರಲ್ಲಿ ಎರಡೂ ಕಡೆ. ಅದರ ಕೆಲಸ ಮೂರು. ಮಣಿಕಟ್ಟು ಅತಿಯಾಗಿ ಹಿಂದಕ್ಕೆ ಮಡಚದಂತೆ ತಡೆಯುವುದು. ಬಿದ್ದ ಹೊಡೆತವನ್ನು ಸ್ವಲ್ಪ ಹೀರುವುದು. ಉಳಿದ ಹೊಡೆತವನ್ನು ಮುಂಗೈ ಉದ್ದಕ್ಕೂ ಹಂಚುವುದು. ಸ್ಕೇಟಿಂಗ್ ಗಾರ್ಡಿನ ಅಂಗೈ ಕಡೆಯ ಪ್ಲಾಸ್ಟಿಕ್ ಟಾರು ರಸ್ತೆ ಮೇಲೆ ಜಾರಿಕೊಂಡು ಹೋಗುತ್ತದೆ, ಅದರಿಂದಲೂ ಲಾಭ ಇದೆ. ಹಿಮದಲ್ಲಿ ಆ ಜಾರುವ ಗುಣ ಅಷ್ಟು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಮಡಚದಂತೆ ತಡೆಯುವುದೇ ದೊಡ್ಡದು.

ಜಿಮ್ಮಿನಲ್ಲಿ ಸುತ್ತಿಕೊಳ್ಳುವ ಎಲಾಸ್ಟಿಕ್ ಪಟ್ಟಿ ಇದಲ್ಲ. ಕ್ರೇಪ್ ಬ್ಯಾಂಡೇಜೂ ಇದಲ್ಲ. ಅವು ಬೆಚ್ಚಗಿಡುತ್ತವೆ, ಬಿದ್ದಾಗ ಏನೂ ತಡೆಯುವುದಿಲ್ಲ. ಅಂಗಡಿಯಲ್ಲಿ ಗಾರ್ಡ್ ಹಾಕಿಕೊಂಡು ವೆಲ್ಕ್ರೋ ಬಿಗಿದು, ಅಂಗೈಯನ್ನು ಗೋಡೆಗೆ ಒತ್ತಿ ನೋಡಿ. ಮಣಿಕಟ್ಟು ಪೂರ್ತಿ ಹಿಂದಕ್ಕೆ ಮಡಚಿತು ಅಂದರೆ ಆ ಗಾರ್ಡ್ ವಾಪಸ್ ಕೊಡಿ. ಅಲುಗಾಡಲೇ ಬಿಡದಷ್ಟು ಬಿರುಸಾಗಿದ್ದರೂ ಬೇಡ. ಪ್ಲೇಟ್ ಮುಂಗೈ ಮೇಲೆ ಸ್ವಲ್ಪ ಉದ್ದಕ್ಕೆ ಬಂದಿರಲಿ. ತೀರಾ ಗಿಡ್ಡ, ತೀರಾ ಬಿರುಸು ಪ್ಲೇಟಿನ ಅಂಚಿನಲ್ಲೇ ಭಾರ ಒಟ್ಟಾಗುವ ಭಯ ಇರುತ್ತದೆ. ಬೆರಳು ಸಲೀಸಾಗಿ ಮಡಚಬೇಕು, ಜೋಮು ಹಿಡಿಯಬಾರದು. ಚಳಿಯಲ್ಲಿ ರಕ್ತದ ಓಟ ಮೊದಲೇ ಕಡಿಮೆ, ಬಿಗಿ ಜಾಸ್ತಿಯಾದರೆ ಬೆರಳು ಮರಗಟ್ಟುತ್ತವೆ.

ಗ್ಲೋವ್ಸ್ ಜೊತೆಗೇ ಹಾಕಿ ನೋಡಿ. ಕೆಲವು ಗಾರ್ಡ್ ಗ್ಲೋವ್ಸ್ ಒಳಗೆ ಹೋಗುತ್ತವೆ, ಕೆಲವು ಮೇಲೆ ಬರುತ್ತವೆ, ಕೆಲವು ಗ್ಲೋವ್ಸ್‌ಗಳಲ್ಲೇ ಗಾರ್ಡ್ ಹೊಲಿದಿರುತ್ತಾರೆ. ಯಾವುದಾದರೂ ಸರಿ, ಹೊರಡುವ ಮುಂಚೆ ಇಲ್ಲೇ ಹಾಕಿ ನೋಡಬೇಕು. ಅಲ್ಲಿ ಬೆಳಿಗ್ಗೆ ಚಳಿಯಲ್ಲಿ ಗ್ಲೋವ್ಸ್ ಒಳಗೆ ಗಾರ್ಡ್ ತೂರಲಿಲ್ಲ ಅಂದರೆ ಅದು ಬ್ಯಾಗಿಗೇ ಹೋಗುತ್ತದೆ. ಬಾಡಿಗೆ ಅಂಗಡಿಯಲ್ಲಿ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಬೋರ್ಡ್, ಬೂಟು ಬಾಡಿಗೆಗೆ ತಗೊಳ್ಳಿ. ಗಾರ್ಡ್ ಮಾತ್ರ ನಿಮ್ಮ ಕೈ ಅಳತೆಗೆ ನೋಡಿ ಕೊಂಡು ಒಯ್ಯಿರಿ.

ಗಾಲಿ ಆಟಗಳ ಗಾರ್ಡಿಗೆ ಯುರೋಪಿನಲ್ಲಿ ಇಎನ್ 14120 ಅನ್ನುವ ಮಾನದಂಡ ಮೊದಲಿನಿಂದ ಇತ್ತು. ಸ್ನೋಬೋರ್ಡಿಗೇ ಅಂತ ಐಎಸ್‌ಒ 20320 ಬಂದದ್ದು 2020ರಲ್ಲಿ. ಹೊಸದನ್ನು ಕೊಳ್ಳುವವರು ಚೀಟಿಯಲ್ಲಿ ಈ ಸಂಖ್ಯೆ ಇದೆಯಾ ನೋಡಿ. ಈ ಆಟ ಒಲಿಂಪಿಕ್ಸ್ ಸೇರಿ ಎರಡು ದಶಕ ಕಳೆದ ಮೇಲೆ, ಅತಿ ಹೆಚ್ಚು ಮುರಿಯುವ ಅಂಗಕ್ಕೆ ಒಂದು ಮಾನದಂಡ ಬಂತು. ತುಂಬಾ ತಡವಾಯಿತು ಅಂತ ನನ್ನ ಅಭಿಪ್ರಾಯ.

ಗಾರ್ಡ್ ಹಾಕಿದರೆ ಏನೂ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ದೊಡ್ಡ ಹೊಡೆತ ಬಿದ್ದರೆ ಗಾರ್ಡ್ ಒಳಗೂ ಮುರಿಯುತ್ತದೆ. ಮೊಣಕೈ, ಭುಜಕ್ಕೆ ಪೆಟ್ಟಾಗಬಹುದು. ತಲೆಗೆ ಹೆಲ್ಮೆಟ್ ಮೊದಲು, ಅದರಲ್ಲಿ ಎರಡು ಮಾತಿಲ್ಲ, ಯಾಕಂದರೆ ಹಿಮ್ಮಡಿ ಅಂಚು ಕಚ್ಚಿ ಹಿಂದಕ್ಕೆ ಬಿದ್ದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ಬೈಕಿನ ಹೆಲ್ಮೆಟ್ ಒಯ್ಯಬೇಡಿ, ಅದು ಭಾರ, ಕಿವಿ ಕೇಳುವುದಿಲ್ಲ. ಹಿಮದ ಆಟದ್ದೇ ತಗೊಳ್ಳಿ. ಕುಂಡಿಗೆ ಪ್ಯಾಡ್ ಇರುವ ಚಡ್ಡಿ ಸಿಕ್ಕರೆ ಇನ್ನೂ ಒಳ್ಳೆಯದು, ಮೊದಲ ದಿನ ನೀವು ಹೆಚ್ಚು ಹೊತ್ತು ಕೂರುವುದು ಅದರ ಮೇಲೇ.

ಇಷ್ಟು ಹೇಳುವಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ಕೇಳಿದ. "ಮೇಡಂ, ಬೀಳಬೇಕಾದ್ರ ಕೈ ತಾನಾಗೇ ಮುಂದ ಬರ್ತದಲ್ರಿ. ಅದನ್ನ ಹ್ಯಾಂಗ ತಡೀಬೇಕು?"

ತಮ್ಮಾ, ನಿನ್ನ ಮಾತು ಸರಿ. ಅದು ಮೈಯ ಹುಟ್ಟುಗುಣ, ಮುಖ ಉಳಿಸಿಕೊಳ್ಳಲು ಕೈ ಬರುತ್ತದೆ. ಅದನ್ನು ಒಂದು ದಿನದಲ್ಲಿ ಬಿಡಿಸಲು ಆಗುವುದಿಲ್ಲ. ಅದಕ್ಕೇ ಗಾರ್ಡ್ ಬೇಕು ಅನ್ನುವುದು. ಆದರೆ ಅಭ್ಯಾಸದಿಂದ ಸ್ವಲ್ಪ ಬದಲಾಗುತ್ತದೆ. ಗರಡಿ ಮನೆಯಲ್ಲಿ ಕೆಮ್ಮಣ್ಣಿನ ಮೇಲೆ ಕುಸ್ತಿ ಕಲಿಸುವಾಗ ಬೀಳುವುದನ್ನೂ ಕಲಿಸುತ್ತಾರೆ. ಜೂಡೋದಲ್ಲೂ ಅಷ್ಟೇ. ಹೋಗುವ ಮುಂಚೆ ಮನೆಯಲ್ಲಿ ಗಾದಿ ಹಾಸಿ ಅಭ್ಯಾಸ ಮಾಡಿ. ಮುಂದಕ್ಕೆ ಬೀಳುವಾಗ ಮೊಣಕಾಲು ಮಡಚಿ, ಮೈ ತಗ್ಗಿಸಿ, ಮುಷ್ಟಿ ಕಟ್ಟಿ, ಮೊಣಕೈ ಮಡಚಿ, ಮುಂಗೈ ಪೂರ್ತಿ ನೆಲಕ್ಕೆ ತಾಗುವಂತೆ ಬೀಳಿ. ಅಂಗೈ ಊರಬೇಡಿ. ಹಿಂದಕ್ಕೆ ಬೀಳುವಾಗ ಕೂರುವ ಹಾಗೆ ತಗ್ಗಿ, ಕುಂಡಿಯಿಂದ ಬೆನ್ನಿಗೆ ಉರುಳಿ. ಗದ್ದ ಎದೆಗೆ ಒತ್ತಿರಲಿ. ಎರಡೂ ಕೈ ಎದೆ ಮೇಲೆ ಮಡಚಿರಲಿ. ಹಿಂದೆ ಕೈ ಚಾಚಿದಿರಿ ಅಂದರೆ ಮಣಿಕಟ್ಟು ಹೋದ ಹಾಗೆಯೇ. ಬಿದ್ದ ಮೇಲೆ ಬೋರ್ಡನ್ನು ಹಿಮದಿಂದ ಮೇಲಕ್ಕೆತ್ತಿ, ಇಲ್ಲದಿದ್ದರೆ ಅಂಚು ಮತ್ತೆ ಕಚ್ಚಿ ಉರುಳಿಸುತ್ತದೆ. ದಣಿದು ಕೂತಾಗಲೂ ಬೆರಳು ಹಿಮದ ಮೇಲೆ ಹರಡಬೇಡಿ, ಬೇರೆಯವರ ಬೋರ್ಡಿನ ಉಕ್ಕಿನ ಅಂಚು ಹಾದು ಹೋಗಬಹುದು.

ಗುಲ್ಮಾರ್ಗ್‌ಗೆ ಹೊರಟವರಿಗೆ ಇನ್ನೊಂದು. ಅಲ್ಲಿ ಗಂಡೋಲಾದ, ಅಂದರೆ ಕೇಬಲ್ ಕಾರಿನ, ಎರಡನೇ ಹಂತ ಅಫರ್ವತ್ ಬೆಟ್ಟದಲ್ಲಿ ಸುಮಾರು 3,900 ಮೀಟರ್ ದಾಟಿ ಹೋಗುತ್ತದೆ. ನೋಡಲು ಹೋಗಿ ಬನ್ನಿ, ಬೋರ್ಡ್ ಕಟ್ಟಿಕೊಂಡು ಅಲ್ಲಿಂದ ಇಳಿಯುವುದು ಹೊಸಬರ ಕೆಲಸ ಅಲ್ಲ. ಕಲಿಯುವುದು ಕೆಳಗಿನ ಬಯಲಿನಲ್ಲಿ, ಕಲಿಸುವವರ ಜೊತೆ. ಗೆಳೆಯ ಕಲಿಸುತ್ತಾನೆ ಅಂತ ಹೋಗಬೇಡಿ. ಸಂಜೆ ಹೊತ್ತಿಗೆ ಕಾಲು ಸೋತಾಗ "ಇನ್ನೊಂದು ರೌಂಡ್" ಅನ್ನಬೇಡಿ. ಸೋತ ಕಾಲಿಗೆ ಅಂಚು ಹಿಡಿಯುವ ಬಲ ಇರುವುದಿಲ್ಲ.

ಬಿದ್ದು ನೋವಾಯಿತು, ಮುಂದೇನು? ಮೊದಲು ಬಳೆ, ಉಂಗುರ, ವಾಚು, ಕೈದಾರ ತೆಗೆಯಿರಿ. ಬಾವು ಏರಿದ ಮೇಲೆ ಅವು ಬರುವುದಿಲ್ಲ, ಬೆರಳಿಗೆ ರಕ್ತ ನಿಲ್ಲುತ್ತದೆ. ರಟ್ಟು ಅಥವಾ ಮಡಚಿದ ಪೇಪರಿನ ಆಸರೆ ಕೊಟ್ಟು, ಓಢಣಿಯಿಂದ ಕೈಯನ್ನು ಕೊರಳಿಗೆ ತೂಗುಹಾಕಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15ರಿಂದ 20 ನಿಮಿಷ ಇಡಿ. ಹಿಮವನ್ನು ನೇರ ಚರ್ಮಕ್ಕೆ ಒತ್ತಬೇಡಿ. ಸೊಟ್ಟ ಆಗಿದ್ದರೆ ಎಳೆದು ನೆಟ್ಟಗೆ ಮಾಡಲು ಹೋಗಬೇಡಿ. ತಿಕ್ಕಬೇಡಿ.

ಮುಂದಿನ ಸಾಲಿನ ಒಬ್ಬ ಅಕ್ಕ ಕೇಳಿದರು. "ನಮ್ಮ ಕಡಿ ಪಟ್ಟಿ ಕಟ್ಟೋರು ಅದಾರಲ್ರಿ, ಅವರ ಹತ್ರ ಹೋದ್ರ ತಪ್ಪೇನ್ರಿ?"

ಅಕ್ಕಾರ, ಈ ಪ್ರಶ್ನೆ ನನಗೆ ಎಲ್ಲ ಊರಲ್ಲೂ ಬರುತ್ತದೆ. ಹಳ್ಳಿಯ ಹಿರಿಯರ ಮೇಲೆ ನನಗೆ ಗೌರವ ಇದೆ. ಎಲ್ಲೂ ಆಸ್ಪತ್ರೆ ಇಲ್ಲದ ಕಾಲದಲ್ಲಿ ಜನಕ್ಕೆ ಅವರೇ ಆಸರೆ. ಆದರೆ ಎಕ್ಸ್‌ರೇ ಇಲ್ಲದೆ ಸ್ಕ್ಯಾಫಾಯಿಡ್ ಬಿರುಕು, ಮಕ್ಕಳ ಬೆಳೆಯುವ ಪದರದ ಪೆಟ್ಟು ಯಾರಿಗೂ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕಿಂತ ನನಗೆ ಹೆದರಿಕೆ ಬಿಗಿ ಪಟ್ಟಿಯದು. ಬಿದಿರು ದಬ್ಬೆ ಇಟ್ಟು ಬಿಗಿದು ಕಟ್ಟಿದ ಮೇಲೆ ಒಳಗೆ ಬಾವು ಏರುತ್ತದೆ. ಬಾವಿಗೆ ಹೋಗಲು ಜಾಗ ಇರುವುದಿಲ್ಲ. ಒತ್ತಡಕ್ಕೆ ರಕ್ತ ನಿಂತು, ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸಾಯುತ್ತದೆ. ಬೆರಳುಗಳು ಒಳಕ್ಕೆ ಮುದುಡಿ ಹಾಗೇ ನಿಲ್ಲುತ್ತವೆ. ಜರ್ಮನಿಯ ರಿಚರ್ಡ್ ಫೋಲ್ಕ್‌ಮನ್ ಅನ್ನುವ ಸರ್ಜನ್ 1881ರಲ್ಲೇ ಇದನ್ನು ಬರೆದಿದ್ದರು. ಆ ಕೈಯನ್ನು ಫಿಸಿಯೋಥೆರಪಿಯಿಂದ ಮೊದಲಿನಂತೆ ಮಾಡಲು ನನ್ನಿಂದ ಆಗುವುದಿಲ್ಲ. ಆಸ್ಪತ್ರೆಯ ಪ್ಲಾಸ್ಟರಿನಲ್ಲೂ ಹೀಗಾಗಬಹುದು, ಆದ್ದರಿಂದ ಗುರುತು ಎಲ್ಲರಿಗೂ ಗೊತ್ತಿರಲಿ. ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ, ಬೆರಳನ್ನು ನಿಧಾನಕ್ಕೆ ನೆಟ್ಟಗೆ ಮಾಡಿದರೆ ಚೀರುವಷ್ಟು ನೋವಾದರೆ, ಬೆರಳು ತಣ್ಣಗೆ, ಬಿಳಿಚಿ ಅಥವಾ ನೀಲಿಯಾದರೆ, ಜೋಮು ಹಿಡಿದರೆ, ಬೆಳಗಾಗಲಿ ಅಂತ ಕಾಯಬೇಡಿ. ಅದೇ ರಾತ್ರಿ ಆಸ್ಪತ್ರೆಗೆ ಹೋಗಿ ಪಟ್ಟಿ ಬಿಚ್ಚಿಸಿ.

ಪ್ಲಾಸ್ಟರ್ ಇರುವಾಗಲೂ ಕೆಲಸ ಇದೆ. ಬೆರಳು, ಮೊಣಕೈ, ಭುಜ ದಿನಾ ಹಲವು ಸಲ ಆಡಿಸಬೇಕು. ಕೈ ಎದೆಗಿಂತ ಮೇಲಿರಲಿ. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಭುಜವೂ ಹಿಡಿದುಕೊಂಡಿರುವವರು ಎಷ್ಟೋ ಜನ. ಕೈ ಆಡಿಸಬೇಡ ಅಂತ ಮನೆಯವರೇ ಪ್ರೀತಿಯಿಂದ ತಡೆದಿರುತ್ತಾರೆ.

ಕೊನೆಗೆ ಇಂಜಿನಿಯರಿಂಗ್ ಓದುವ ಒಬ್ಬ ಹುಡುಗಿ ಕೇಳಿದಳು. ಹಿಂದೆ ಸ್ಕೂಟಿಯಿಂದ ಬಿದ್ದು ಮಣಿಕಟ್ಟು ಮುರಿದಿತ್ತಂತೆ. ಈ ಸಲ ಗೆಳತಿಯರ ಜೊತೆ ಹೋಗಬಹುದಾ ಅಂತ.

ತಂಗಿ, ಹೋಗು. ಆದರೆ ಮೂರು ನೋಡಿಕೋ. ಎಲುಬು ಪೂರ್ತಿ ಕೂಡಿದೆ ಅಂತ ಎಕ್ಸ್‌ರೇ ನೋಡಿ ಡಾಕ್ಟರು ಹೇಳಬೇಕು. ಪ್ಲೇಟ್ ಇದ್ದರೆ ಅದನ್ನೂ ಅವರಿಗೆ ಕೇಳು. ಎರಡೂ ಕೈಯ ಹಿಡಿತ ಹೆಚ್ಚುಕಮ್ಮಿ ಸಮ ಇರಬೇಕು. ಇನ್ನು ನೆಲದ ಮೇಲೆ ಕೂತು, ಎರಡೂ ಅಂಗೈ ಊರಿ ಮೈ ಮೇಲಕ್ಕೆತ್ತಿದರೆ ನೋವಾಗಬಾರದು. ನೋವಾದರೆ ಇನ್ನೂ ಸ್ವಲ್ಪ ದಿನ ವ್ಯಾಯಾಮ ಮಾಡು, ಹಿಮ ಮುಂದಿನ ವರ್ಷವೂ ಬೀಳುತ್ತದೆ. ಗಾರ್ಡ್ ಎರಡೂ ಕೈಗೆ ಹಾಕು. ಮುರಿದಿದ್ದ ಕೈಗೆ ಮಾತ್ರ ಹಾಕಿಕೊಂಡು ಹೋಗುವವರಿದ್ದಾರೆ, ಬೀಳುವಾಗ ಯಾವ ಕೈ ಮುಂದೆ ಬರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.